ಬಲಕ್ಕೆ ಮದರಾಸು, ಎಡಕ್ಕೆ ಮೈಸೂರು

ಹೊಳೆನರಸೀಪುರ
೧೪ ಜೂನ್ ೧೯೬೪, ಭಾನುವಾರ

ಮನೆಯವರಿಗೆ ಸರ್ವಮಂಗಳಾ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ನಿನ್ನೆ ಬಂತು. ಕೆಲಸ ಬಿಟ್ಟು ಮದರಾಸಿನಲ್ಲಿ ಎರಡು ವರ್ಷ ಪೂರ್ತಿ ಕಾಲ ಬಿಸಿನೆಸ್ ಅಡ್ಮಿನಿಸ್ಟ್ರೇಷನ್ ಓದುವುದೋ, ಹಾಸನದ ಕೆಲಸದಲ್ಲಿದ್ದುಕೊಂಡೇ ಭಾನುವಾರಗಳಲ್ಲಿ ಮೈಸೂರಿನ ತರಗತಿಗೆ ಹೋಗುವುದೋ, ನಿನ್ನ ಅಭಿಪ್ರಾಯ ತಿಳಿಸು ಎಂದಿದ್ದೀರಿ. ಮದುವೆಯಾದ ಮೇಲೆ ನನ್ನ ಅಭಿಪ್ರಾಯ ಕೇಳಿದ್ದು ಇದೇ ಮೊದಲು. ಅದೂ ವೀರಭದ್ರಸ್ವಾಮಿ ಕೈಬಿಟ್ಟ ಮೇಲೆ. ನನ್ನ ಬಿ.ಎಡ್. ವಿಚಾರಕ್ಕೆ ಮಾತ್ರ ಕಾಗದದಲ್ಲಿ ಉತ್ತರವಿಲ್ಲ.

ಅರಕಲಗೂಡಿನ ಆ ಸ್ವಾಮಿಯ ಗುಡಿಯಲ್ಲಿ ಕಳೆದ ಸೋಮವಾರ ನಡೆದದ್ದನ್ನು ‘ಸ್ಪಷ್ಟ ಅಪ್ಪಣೆಯಾಗಲಿಲ್ಲ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಶಾಲೆಗೆ ರಜೆ ಹಾಕಿ ನಾನೂ ಅಲ್ಲಿದ್ದೆ. ದೇವರ ಎರಡು ಭುಜಕ್ಕೂ ಗಂಧದಲ್ಲಿ ಹೂವಿನ ಎಸಳು ಅಂಟಿಸಿ, ಬಲಗಡೆಯದು ಉದುರಿದರೆ ಮದರಾಸು, ಎಡಗಡೆಯದು ಉದುರಿದರೆ ಮೈಸೂರು ಎಂದು ಗೊತ್ತು ಮಾಡಿದವರು ಅತ್ತೆಯವರು. ಪೂಜಾರಿಗೇ ಸಂಕಟಕ್ಕಿಟ್ಟುಕೊಂಡಿತು. “ಅವ್ವಾ, ಮದರಾಸು ಅಂದ್ರೆ ಸ್ವಾಮಿಗೆ ಎಂಗ್ ತಿಳೀಬೇಕು? ಊರ್ ಎಸ್ರು ಬುಡಿ, ಬಲವೋ ಎಡವೋ ಅಷ್ಟ್ ಕೇಳಿ” ಎಂದ. ಎಷ್ಟು ಹೊತ್ತಾದರೂ ಯಾವ ಎಸಳೂ ಅಲುಗಲಿಲ್ಲ. “ಗಂಧ ಮಂದ ಆಗೋಗದೆ ಕಣಯ್ಯಾ, ಒಸಿ ನೀರ್ ಬುಟ್ಟು ತೇಯಿ” ಎಂದು ಅತ್ತೆಯವರು ಗದರಿಸಿದರು. ಆತ ನೀರು ಬಿಟ್ಟು ತೇಯ್ದ. ಎರಡೂ ಒಟ್ಟಿಗೆ ಉದುರಿದವು.

ಬಿ.ಕಾಂ. ಓದಿದ ನೀವು ಅಷ್ಟು ಹೊತ್ತೂ ಕಣ್ಣು ಮುಚ್ಚಿ, ಕೈ ಮುಗಿದು ನಿಂತಿದ್ದಿರಿ. ನಾಳೆ ನಿಮ್ಮ ಧಣಿ ಚನ್ನಬಸವಯ್ಯನವರ ಬಸ್ ಕಂಪನಿಗೆ ಮ್ಯಾನೇಜರಾದಾಗ ಯಾವ ಬಸ್ಸು ಕೊಣನೂರಿಗೆ, ಯಾವುದು ಹಿರೀಸಾವೆಗೆ ಎಂಬುದೂ ಗಂಧದ ಹದದ ಮೇಲೆಯೇ ತೀರ್ಮಾನವಾಗುತ್ತದೆಂದು ಕಾಣುತ್ತದೆ. ಆ ಯಜಮಾನರಾದರೂ ನಿಮಗಿಂತ ನೇರ. ಅವರು ನಿಮಗೆ ಹೇಳಿದ್ದೇನು? “ಯಾವ್ದಾರ ಓದ್ಕಂಡ್ ಬಾರಯ್ಯ, ಬೋರ್ಡಲ್ಲಿ ಎಸ್ರಿನ ಮುಂದೆ ಎಲ್ಡಕ್ಷರ ಇರ್ಲಿ.” ಅವರಿಗೆ ಬೇಕಾದದ್ದು ಬೋರ್ಡು. ನೀವು ಅದನ್ನು ಭವಿಷ್ಯ ಎಂದು ಬರೆದಿದ್ದೀರಿ.

ಆ ಎರಡು ಎಸಳುಗಳ ಅರ್ಥವನ್ನು ನಾನು ಹೇಳುತ್ತೇನೆ. ನೀವು ಮದರಾಸಿಗೆ ಹೋದರೆ ನನ್ನ ಸಂಬಳ ನಿಮ್ಮ ಹಿಂದೆ ಬರಬೇಕು. ಭಾನುವಾರದ ತರಗತಿಗೆ ಹೋದರೆ, ವಾರವೆಲ್ಲ ದುಡಿದು ಓದುವವರಿಗೆ ಹೊತ್ತಿಗೆ ಸರಿಯಾಗಿ ಊಟ ಬಡಿಸಲು ನಾನು ರಾಜೀನಾಮೆ ಕೊಟ್ಟು ಹಾಸನಕ್ಕೆ ಬರಬೇಕು. ಇದನ್ನು ದೇವರ ಮುಂದೆ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ಮೆಟ್ಟಿಲಿಳಿಯುವಾಗ ನಾನು ಹೇಳಿದೆ: ಮೈಸೂರಿನಲ್ಲಿ ಒಂದು ವರ್ಷದ ಬಿ.ಎಡ್.ಗೆ ಇಲಾಖೆ ನನಗೆ ಸೀಟು ಕೊಟ್ಟಿದೆ. ಬರುವ ವಾರದೊಳಗೆ ಒಪ್ಪಿಗೆ ಕೊಡದಿದ್ದರೆ ಅದು ಚನ್ನರಾಯಪಟ್ಟಣದ ಇನ್ನೊಬ್ಬ ಮೇಡಂ ಪಾಲಾಗುತ್ತದೆ. ಬಿ.ಎಡ್. ಇಲ್ಲದೆ ನನ್ನ ಕೆಲಸ ಖಾಯಂ ಆಗುವುದಿಲ್ಲ. ಅತ್ತೆಯವರು, “ಇದ್ಕೂ ಊವಿನ್ ಅಪ್ಪಣೆ ಕೇಳ್ಬೇಕೇನೇ? ಎಂಗಸ್ರ ಓದಿಗೆಲ್ಲ ದ್ಯಾವ್ರನ್ನ ಎಬ್ಬುಸ್ತಾರಾ?” ಎಂದರು. ಅವರ ಮಾತು ನನಗೆ ಹೊಸದಲ್ಲ. ನೀವು ನಕ್ಕಿರಿ. ಜೋರಾಗಿ ನಕ್ಕಿದ್ದರೆ ಜಗಳವಾಡಬಹುದಿತ್ತು. ಚಪ್ಪಲಿ ಹುಡುಕುವ ನೆಪದಲ್ಲಿ ಮುಖ ತಗ್ಗಿಸಿ ನಕ್ಕಿರಿ.

ಕೇಳಿದಿರಲ್ಲ, ಅಭಿಪ್ರಾಯ ಇದು. ನಿಮಗೆ ಭಾನುವಾರದ ತರಗತಿಯೇ ಸರಿ. ಪೂರ್ತಿ ಕಾಲ ಓದುವುದಕ್ಕೆ ಒಂದು ವಿಷಯವನ್ನಾದರೂ ಸ್ವಂತವಾಗಿ ನಿಶ್ಚಯಿಸುವ ಅಭ್ಯಾಸ ಇರಬೇಕು. ಊಟ ಬಸ್ ಸ್ಟ್ಯಾಂಡಿನ ಹೋಟೆಲುಗಳಲ್ಲಿ ಸಿಗುತ್ತದೆ. ನಾನು ರಾಜೀನಾಮೆ ಕೊಡುವುದಿಲ್ಲ, ಹಾಸನಕ್ಕೆ ಬರುವುದಿಲ್ಲ. ಮೈಸೂರಿಗೆ ಹೋಗುತ್ತೇನೆ. ಅಲ್ಲಿ ಕೊಡುವ ಸ್ಟೈಪೆಂಡು ನನ್ನೊಬ್ಬಳಿಗೆ ಸಾಕಾಗುತ್ತದೆ, ಇನ್ನೊಬ್ಬರಿಗೆ ಸಾಲದು.

ಅತ್ತೆಯವರಿಗೆ ಇದನ್ನು ನೀವೇ ಓದಿ ಹೇಳಿ. ಬಿಟ್ಟು ಬಿಟ್ಟು ಓದಬೇಡಿ.

ಇಂತಿ,
ಸರ್ವಮಂಗಳಾ

ತಾ.ಕ.: ಮೈಸೂರಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಭಾನುವಾರ ಸಂಜೆ ಮನೆಯವರನ್ನು ಮುಂಬಾಗಿಲ ಜಗಲಿಯವರೆಗೆ ಬಿಡುತ್ತಾರಂತೆ. ನಾನೇನೂ ವಿಚಾರಿಸಿದ್ದಲ್ಲ, ಯಾರೋ ಹೇಳಿದರು. ನಿಮ್ಮ ತರಗತಿ ಎಷ್ಟು ಹೊತ್ತಿಗೆ ಬಿಡುತ್ತದೆಂದು ನೀವು ಬರೆದಿಲ್ಲ. ಬಿ.ಎಡ್. ಒಪ್ಪಿಗೆ ಪತ್ರಕ್ಕೆ ಇನ್ನೂ ಸಹಿ ಹಾಕಿಲ್ಲ. ನಾಳೆ ಶಾಲೆ ತೆರೆದ ಕೂಡಲೇ ಹಾಕುತ್ತೇನೆ.