ಸೌನಾದ ಎರಡನೇ ಪಾಳಿ

ಜನವರಿ 11, ಶನಿವಾರ
ಮಾತ್ರೆ ನುಂಗಿದೆ. ಕಾಫಿ. ಮತ್ತೆ ಹಾಸಿಗೆ. ಅಂಗಳದ ಹಿಮ ಎತ್ತುವುದು ನನ್ನ ಕೆಲಸ; ಎತ್ತಿದವಳು ಹೆಂಡತಿ ಕೈಸು. ಸಂಜೆ ಸೌನಾದ ಒಲೆ ಹಚ್ಚಿ, ಆ ಹಬೆಸ್ನಾನದ ಕೋಣೆಗೆ ಒಬ್ಬಳೇ ಹೋಗಿ ಬಂದಳು. "ಇನ್ನೂ ಬಿಸಿ ಇದೆ, ಬೇಕಾದ್ರೆ ಹೋಗು." ಅಷ್ಟೇ. ಹೋಗಲಿಲ್ಲ. ಮದುವೆಯಾದಂದಿನಿಂದ ಜೊತೆಗೇ ಕೂರುತ್ತಿದ್ದ ಹಲಗೆ. ಈ ಚಳಿಗಾಲದಿಂದ ನನಗೆ ಎರಡನೇ ಪಾಳಿ. ನನ್ನ ಮುಖ ನೋಡಿ ಅವಳಿಗೆ ಸಾಕಾಗಿದೆ.

ಜನವರಿ 14
ಗಂಡ ಹೆಂಡತಿ ಇಬ್ಬರೂ ಕೌನ್ಸೆಲಿಂಗಿಗೆ ಹೋಗಿ ಎಂದರು ಡಾಕ್ಟರು. ನಾಲ್ಕೇ ಸಲ. ಖಿನ್ನತೆ ನನ್ನದು, ಅವಳನ್ನೇಕೆ ಎಳೆಯಬೇಕು? ಕೈಸು ಬೂಟು ಹಾಕಿಕೊಳ್ಳುತ್ತಾ, "ಇಲ್ಪೊ, ನೀನು ಬರದಿದ್ರೆ ಅಕ್ಕನ ಮನೆಗೆ ಹೋಗಿಬಿಡ್ತೀನಿ. ಹೆದರಿಸ್ತಿಲ್ಲ. ನನ್ನ ಕೈಲಿ ಆಗ್ತಿಲ್ಲ..." ಎಂದಳು.

ಜನವರಿ 21
ಕೌನ್ಸೆಲರ್ ಹೆಲ್ಲೆವಿ ಎಂಬಾಕೆ. ಎದುರುಬದುರು ಕುರ್ಚಿ. ಮೂವರೂ ಕಿಟಕಿ ನೋಡಿದೆವು.
"ಮುಖ ನೋಡ್ಕೊಂಡು ಮಾತಾಡೋದು ನಮ್ಮ ಜನಕ್ಕೆ ಬರಲ್ಲ ಬಿಡಿ," ಎಂದರು. "ಮೊದಲೆಲ್ಲಾ ಎಲ್ಲಿ ಮಾತಾಡ್ತಿದ್ರಿ?"
ಸೌನಾದಲ್ಲಿ. ಇಬ್ಬರೂ ಒಟ್ಟಿಗೇ ಹೇಳಿದೆವು.
"ಮತ್ತೆ ಒಬ್ಬಳೇ ಯಾಕೆ ಹೋಗ್ತೀಯ?" ಕೇಳಿಯೇಬಿಟ್ಟೆ.
"ಸುಮ್ನೆ ಬಿಟ್ರೆ ನಿಂಗೆ ನೆಮ್ಮದಿ ಅಂದ್ಕೊಂಡೆ. ನೀನಾದ್ರೂ ಒಂದ್ಸಲ ಬಾ ಅಂತ ಕರೆದ್ಯಾ?"
ಛೆ! ಬಾಯಿ ಮುಚ್ಚಿಕೊಂಡಿರುವುದೇ ಮರ್ಯಾದೆ ಎಂದು ಬೆಳೆದವರು ಇಬ್ಬರೂ.
ಹೋಂವರ್ಕ್: ಶನಿವಾರ ಒಟ್ಟಿಗೆ ಸೌನಾ. ಒಬ್ಬರು ಹೇಳಬೇಕು, ಇನ್ನೊಬ್ಬರು ಕೇಳಬೇಕು. ಉಪದೇಶ ಕೂಡದು.

ಜನವರಿ 25, ಶನಿವಾರ
ಕತ್ತಲೆ, ಕಾದ ಕಲ್ಲು, ಇಬ್ಬರ ಕಣ್ಣೂ ಒಲೆಯ ಮೇಲೆ. ಹೇಳಿದೆ — ಬೆಳಗಾದರೆ ಎದೆಯ ಮೇಲೆ ಯಾರೋ ಕೂತ ಹಾಗೆ, ನಿನಗೆ ಹೊರೆಯಾಗಿದ್ದೇನೆ ಅನ್ನಿಸುತ್ತದೆ ಎಂದು. ಕೈಸು ಉಪದೇಶಕ್ಕೆ ಬಾಯಿ ತೆರೆದು ಮುಚ್ಚಿದಳು. ಕಲ್ಲಿನ ಮೇಲೆ ನೀರು ಎರಚಿದಳು. ಆಮೇಲೆ, "ನಂಗೂ ಭಯ ಆಗ್ತಿತ್ತು ಕಣೋ." ಇಬ್ಬರೂ ಅತ್ತೆವು. ಹಗುರಾಯಿತು.

ಫೆಬ್ರವರಿ 26
ಬರೆಯುವುದೇ ಮರೆತಿತ್ತು. ಕೌನ್ಸೆಲಿಂಗ್ ಮುಗಿಯಿತು. ಪೂರ್ತಿ ವಾಸಿಯೇನಲ್ಲ, ಮಾತ್ರೆ ಇದೆ. ಸೋಮವಾರ ಮತ್ತೆ ಏಳಲಾಗಲಿಲ್ಲ. ಆದರೆ "ಇವತ್ತು ಆಗ್ತಿಲ್ಲ" ಎಂದು ಬಾಯಿಬಿಟ್ಟು ಹೇಳಿದೆ. ಕೈಸು ಕಾಫಿ ತಂದು ಪಕ್ಕದಲ್ಲೇ ಕೂತಳು. ಮಧ್ಯಾಹ್ನ ಎದ್ದೆ. ಈಚೆಗೆ ನಿದ್ದೆಯೂ ಬರುತ್ತಿದೆ. ಅಕ್ಕನ ಮನೆಯ ಮಾತು ಮತ್ತೆ ಬಂದಿಲ್ಲ.

ಮಾರ್ಚ್ 8, ಶನಿವಾರ
ಹಿಮ ನಾನೇ ಎತ್ತಿದೆ. ಸೊಂಟ ಹಿಡಿದಿದೆ. ಒಲೆಯನ್ನೂ ನಾನೇ ಹಚ್ಚಿದೆ. ಅಡುಗೆಮನೆಗೆ ಹೋಗಿ, "ಬಾ," ಎಂದೆ. ಇಷ್ಟು ಹೇಳುವುದಕ್ಕೆ ಬೆವರಿಳಿಯಿತು.
"ಕೊನೆಗೂ ಕರೆದ್ಯಲ್ಲೋ ಮಹಾರಾಯ!"
ಟವೆಲು ಹೆಗಲಿಗೆ ಹಾಕಿಕೊಂಡು ಹೋದಳು. ಮರೆಯುವ ಮೊದಲು ಇದನ್ನು ಬರೆದಿಡೋಣ ಎಂದು ಕೂತೆ. ಆಗಲೇ ಕೂಗುತ್ತಿದ್ದಾಳೆ, "ಇಲ್ಪೊ! ಎರಡನೇ ಪಾಳಿಗೆ ಕಾಯ್ತಿದ್ದೀಯಾ?"
ಇಲ್ಲ ಕಣೇ, ಬಂದೆ—