ಇಪ್ಪತ್ತೊಂದನೇ ಟೋಕನ್

ಮಗಳೇ,

ನೀನು ಕಣ್ಣುಮುಚ್ಚಿ ಆರು ವರ್ಷವಾದ ಮೇಲೆ, ನಾನು ಆಯಾ ಆಗಿರುವ ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳ ಹೊಟ್ಟೆನೋವಿಗೆಂದೇ ಇವತ್ತು ಒಂದು ಕೋಣೆ ತೆರೆದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು! ಇಪ್ಪತ್ತು ಜನ ಬಂದರು, ನಾನೇ ಟೋಕನ್ ಹರಿದುಕೊಟ್ಟೆ. ಮೂಲೆಯ ಕುರ್ಚಿಯಲ್ಲಿ ಮಾತ್ರ ಯಾರೂ ಕೂರಲಿಲ್ಲ. ಮಧ್ಯಾಹ್ನ ಒರೆಸಲು ಹೋದರೆ ಅದು ಬೆಚ್ಚಗಿತ್ತು, ಬಿಸಿನೀರಿನ ಬ್ಯಾಗು ಈಗಷ್ಟೇ ಎತ್ತಿಕೊಂಡಂತೆ.

ನೀನು ಆ ಬ್ಯಾಗನ್ನು ಹೊಟ್ಟೆಗೊತ್ತಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದೆ. "ಹೆಣ್ಣಾದ್ಮೇಲೆ ಇದೆಲ್ಲ ಇದ್ದಿದ್ದೇ" ಎಂದು ನಾನು ತಿರುಗಿಯೂ ನೋಡದೆ ಹೇಳುತ್ತಿದ್ದೆ.

"ಎಲ್ಲಾ ಆಯ್ತೇನ್ರೀ?" ಡಾಕ್ಟರಮ್ಮ ಒಳಗಿನಿಂದ ಕೇಳಿದರು.

"ಇನ್ನೊಬ್ಬಳಿದ್ದಾಳೆ ಮೇಡಂ" ಎಂದುಬಿಟ್ಟೆ. ಇನ್ನೊಂದು ಟೋಕನ್ ಹರಿದು ಕುರ್ಚಿಯ ಮೇಲಿಟ್ಟು ನೀರು ತರಲು ಹೋದೆ.

ಬಂದಾಗ ಟೋಕನ್ ಇರಲಿಲ್ಲ. ಒಳಗೆ ಡಾಕ್ಟರಮ್ಮ ಯಾರನ್ನೋ ಕೇಳುತ್ತಿದ್ದರು: "ಎಷ್ಟು ದಿನದಿಂದ ನೋವಮ್ಮ? ಮನೇಲಿ ಅಮ್ಮಂಗೆ ಹೇಳ್ಲಿಲ್ವಾ?"

ಉತ್ತರ ಕೇಳಿಸದಿರಲೆಂದು ನಾನು ಬಾಗಿಲ ಪಕ್ಕದ ಕೈತೊಳೆಯುವ ನಲ್ಲಿಯನ್ನು ಪೂರ್ತಿ ತಿರುಗಿಸಿಬಿಟ್ಟೆ.