ಅಂಜನನ ಕೈಗುಣ

ಮಾದನಾಯಕನಹಳ್ಳಿ
12 ಫೆಬ್ರವರಿ 2025

ಚಿ. ಸೌ. ದಿವ್ಯಾಳಿಗೆ ಅಮ್ಮನ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಈ ಸಲ ಕೈ ಬರುತ್ತಿಲ್ಲ.

ಈ ಕಾಗದ ತಂದಿರುವ ನಿನ್ನ ತಮ್ಮ ಅಂಜನ್ ಪರೀಕ್ಷೆ ಶುರುವಾಗುವವರೆಗೆ ನಿನ್ನ ಮನೆಯಲ್ಲೇ ಇರಲಿ. ವೈಟ್‌ಫೀಲ್ಡ್‌ನಲ್ಲಿ ಓದಲು ನೆಮ್ಮದಿ ಎಂದು ಫೋನಿನಲ್ಲಿ ಹೇಳಿದ್ದೆನಲ್ಲ, ಅದು ಸುಳ್ಳು. ಫೋನಿನಲ್ಲಿ ನಿಜ ಹೇಳಹೊರಟರೆ ಅತ್ತುಬಿಡುತ್ತೇನೆ, ನಿನ್ನ ಅತ್ತೆಯವರ ಕಿವಿಗೂ ಬೀಳುತ್ತದೆ.

ನಮ್ಮ ಬಾಡಿಗೆಯವರ ಚೀಟಿ ನಿನಗೆ ಗೊತ್ತೇ ಇದೆ. ತಿಂಗಳಿಗೊಮ್ಮೆ ಅಂಗಳದಲ್ಲಿ ಸೇರಿ, ಎಲ್ಲರ ಹೆಸರು ಬರೆದು ಡಬ್ಬಿಗೆ ಹಾಕುವುದು. ಎತ್ತಿದ ಹೆಸರಿಗೆ ಆ ತಿಂಗಳ ದುಡ್ಡು. ನೀನು ಮದುವೆಯಾಗಿ ಹೋದ ಮೇಲೆ ಎತ್ತುವ ಕೆಲಸ ಇವನದ್ದೇ. "ಅಂಜನಂದು ಕೈಗುಣ ಚೆನ್ನಾಗೈತೆ" ಎಂದು ಹೊಗಳಿದವರೇ ಎಲ್ಲ. ನಾನೂ ದೃಷ್ಟಿ ತೆಗೆದಿದ್ದೇ ತೆಗೆದಿದ್ದು. ಬೋರ್‌ವೆಲ್ ಕೊರೆಸುವಾಗ ನಿಮ್ಮಪ್ಪ ಪೂಜೆಯ ಕಾಯನ್ನೂ ಇವನ ಕೈಯಲ್ಲೇ ಒಡೆಸಿದರು. ನೀರು ಬಂತು, ಹುಡುಗನ ತಲೆ ತಿರುಗಿತು.

ಈಗ ಫೋನಿನಲ್ಲಿ ಬಣ್ಣ ಹೇಳುವ ಆಟ. ಕೆಂಪೋ ಹಸಿರೋ ಎಂದು ದುಡ್ಡು ಕಟ್ಟುವುದು. ಹದಿನೇಳರ ಹುಡುಗನಿಗೆ ಖಾತೆ ಕೊಡುವುದಿಲ್ಲವೆಂದು ನನ್ನ ಆಧಾರ್ ಹಾಕಿದ್ದಾನೆ ಮಹಾರಾಯ! ಹೋದ ತಿಂಗಳ ಚೀಟಿ ಗದಿಗೆಪ್ಪನಿಗೆ ಬಂತು. ಪೀಣ್ಯದಲ್ಲಿ ಲೇತ್ ಕೆಲಸ ಮಾಡುತ್ತಾನೆ, ನಮ್ಮ ಮೂಲೆಮನೆಯ ಬಾಡಿಗೆಯವನು. ಆ ದುಡ್ಡು ಅವನ ಹೆಂಡತಿಯ ಆಪರೇಷನ್ನಿಗೆ. ಚೀಟಿ ದುಡ್ಡೆಲ್ಲ ಬರುವುದು ಅಂಜನನ ಫೋನಿಗೇ. ನಮಗೆಲ್ಲಿ ಅದನ್ನು ಒತ್ತಲು ಬರುತ್ತದೆ? ಗದಿಗೆಪ್ಪನಿಗೆ ಕಳಿಸೋ ಎಂದರೆ ಆಟಕ್ಕೆ ಕಟ್ಟಿ ಕಳೆದ.

ಕೇಳಿದ್ದಕ್ಕೆ, "ಇನ್ನೊಂದ್ಸಲ ಹಾಕ್ತೀನಿ ಕಣಮ್ಮ, ಎಲ್ಲಾ ವಾಪಸ್ ಬಂದ್ಬಿಡುತ್ತೆ" ಅಂದ. ನನಗೆ ಮೈಯೆಲ್ಲ ಉರಿದುಹೋಯಿತು, ಪೊರಕೆ ತೆಗೆದುಕೊಂಡೆ. ಗದಿಗೆಪ್ಪನೇ ಬಂದು, "ಸಣ್ಣ ಹುಡುಗ ಅದಾನ್ರೀ ಅಕ್ಕಾರ, ಬಡೀಬ್ಯಾಡ್ರಿ" ಎಂದು ಬಿಡಿಸಿದ. ನಾಚಿಕೆಯಿಂದ ಅವನ ಮುಖ ನೋಡಲಾಗಲಿಲ್ಲ. ನನ್ನ ಬಳೆ ಅಡವಿಟ್ಟು ಆಪರೇಷನ್ ಮಾಡಿಸಿದ್ದಾಯಿತು. ನಿಮ್ಮಪ್ಪ ಮಗನ ಜೊತೆ ಮಾತು ಬಿಟ್ಟಿದ್ದಾರೆ. ಅವನ ಫೋನ್ ನನ್ನ ಬೀರುವಿನಲ್ಲಿದೆ.

ನಿನ್ನ ಹತ್ತಿರ ದುಡ್ಡು ಕೇಳುತ್ತಾನೆ. ಪುಸ್ತಕ ಎನ್ನುತ್ತಾನೆ, ಟ್ಯೂಷನ್ ಎನ್ನುತ್ತಾನೆ. ಕೊಡಬೇಡ, ನನ್ನಾಣೆ. ನಿನ್ನ ಫೋನನ್ನೂ ಅವನ ಕೈಗೆ ಸಿಗದಂತೆ ಇಟ್ಟುಕೋ. ಹೊಟ್ಟೆಗೆ ಮಾತ್ರ ಕಡಿಮೆ ಮಾಡಬೇಡ, ಈಚೆಗೆ ಸರಿಯಾಗಿ ಉಂಡೇ ಇಲ್ಲ.

ಇಂತಿ ನಿನ್ನ ಅಮ್ಮ,
ವೇಣಿ

ತಾ.ಕ.: ಅಂಜನ್, ಇದು ನಿನಗೆ. ಲಕೋಟೆಯನ್ನು ಅಂಟಿಸದೆ ಕೊಟ್ಟಿದ್ದು ಬೇಕೆಂದೇ. ಮೆಟ್ರೋದಲ್ಲಿ ಕೂತ ತಕ್ಷಣ ಬಿಚ್ಚಿ ಓದುತ್ತೀಯೆಂದು ಹೆತ್ತವಳಿಗೆ ಗೊತ್ತಿಲ್ಲವೇ? ಅಕ್ಕನಿಗೆ ಇದ್ಯಾವುದೂ ತಿಳಿದಿಲ್ಲ. ನೀನು ಹರಿದುಹಾಕಿದರೆ ತಿಳಿಯುವುದೂ ಇಲ್ಲ, ನಾನು ಇನ್ನೊಮ್ಮೆ ಬರೆಯುವುದಿಲ್ಲ. ನೀನಾಗಿಯೇ ಅವಳ ಕೈಗೆ ಕೊಡು ಮಗನೇ. ಕೊಟ್ಟ ಮೇಲೆ ಅವಳ ಫೋನಿನಿಂದ ಮನೆಗೆ ಮಾತಾಡು. ನಿಮ್ಮಪ್ಪ ಇವತ್ತು ಎಲ್ಲಿಗೂ ಹೋಗುವುದಿಲ್ಲವಂತೆ, ಫೋನ್ ತಾನೇ ಎತ್ತುತ್ತೇನೆ ಎಂದಿದ್ದಾರೆ.